ಸೊಂಟದ ಕೀಲಿನ ಸವೆತ: ಎಂಆರ್‌ಐ ಹೇಳುವುದೆಷ್ಟು, ಹೇಳದಿರುವುದೆಷ್ಟು



ಕಳೆದ ವಾರ್ಷಿಕ ಮಹಾಸಭೆಯಲ್ಲಿ ವೈದ್ಯಕೀಯ ನೆರವು ನಿಧಿಯ ಲೆಕ್ಕಪತ್ರ ಓದುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಎದ್ದು ಕೇಳಿದರು: "ಒಂದೇ ತಿಂಗಳಲ್ಲಿ ಇಬ್ಬರು ಸೊಂಟದ ಎಂಆರ್‌ಐಗೆ ಅರ್ಜಿ ಹಾಕಿದ್ದಾರೆ. ಒಬ್ಬರಿಗೆ ಮಂಜೂರು ಮಾಡಿದ್ದೀರಿ, ಇನ್ನೊಬ್ಬರಿಗೆ ಇಲ್ಲ. ಇದು ಯಾವ ನ್ಯಾಯ?" ಪ್ರಶ್ನೆ ಸರಿಯಾಗಿಯೇ ಇತ್ತು. ಅಂದು ಸಮಯವಿಲ್ಲದೆ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಕುಳಿತೆ. ದಾನಿಗಳ ಹಣದ ವಿಷಯದಲ್ಲಿ ಎರಡು ಮಾತು ಸಾಲದು. ಆದ್ದರಿಂದ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತಲೇ ನಿವೃತ್ತನಾದವನು. ಆದರೆ ಅರ್ಜಿಗೆ ಸಹಿ ಹಾಕುವ ಮೊದಲು ಅದರಲ್ಲಿರುವುದನ್ನು ಅರ್ಥ ಮಾಡಿಕೊಳ್ಳಬೇಕು ಎಂಬ ಅಭ್ಯಾಸ ಉಳಿದುಕೊಂಡಿದೆ. ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಎರಡು ಅರ್ಜಿಗಳು

ಮೊದಲ ಅರ್ಜಿ ಮೆಸ್ಸೊಂದರಲ್ಲಿ ಅಡುಗೆ ಮಾಡುವ 36 ವರ್ಷದವರದು. ಬಲಗಾಲು ಎತ್ತಿಡುವಾಗ ತೊಡೆಸಂದಿನಲ್ಲಿ ನೋವು. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಂಡಿರಲಿಲ್ಲ. ಮೂಳೆ ವೈದ್ಯರು ಎಂಆರ್‌ಐ ಬರೆದಿದ್ದರು.

ಎರಡನೆಯದು ಬೀದರ್ ಕಡೆಯ, 61 ವರ್ಷದ ಒಬ್ಬ ತಾಯಿಯದು. ಹಪ್ಪಳ, ಸಂಡಿಗೆ ಮಾಡಿ ಮಾರಿ ಮಕ್ಕಳನ್ನು ಬೆಳೆಸಿದವರು. ಅವರ ಎಕ್ಸ್‌ರೇಯಲ್ಲಿ ಎಡ ಸೊಂಟದ ಕೀಲಿನ ಸಂದು ಬಹುತೇಕ ಮುಚ್ಚಿಹೋಗಿತ್ತು. ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿಯಾಗಿತ್ತು. ಆದರೆ ಯಾರೋ ಪರಿಚಯದವರು ಮಗನಿಗೆ, "ಈಗ ಮೃದ್ವಸ್ಥಿಯನ್ನೇ ಅಳೆಯುವ ಎಂಆರ್‌ಐ ಬಂದಿದೆ, ಕೀಲು ಇನ್ನೆಷ್ಟು ವರ್ಷ ಬರುತ್ತದೆ ಎಂದು ತಿಳಿಯುತ್ತದೆ" ಎಂದಿದ್ದರಂತೆ. ಅದಕ್ಕೆ ನೆರವು ಕೇಳಿದ್ದರು.

ಮೊದಲನೆಯದಕ್ಕೆ ಒಪ್ಪಿದೆವು, ಎರಡನೆಯದಕ್ಕೆ ಇಲ್ಲ ಎಂದೆವು. ಆ ತಾಯಿಗೆ ವಿಷಯ ತಿಳಿಸಲು ನಾನೇ ಹೋಗಿದ್ದೆ. ಅವರು ಬೇಸರ ತೋರಿಸಲಿಲ್ಲ. "ನಾ ಇನ್ನಾ ಎಷ್ಟ್ ವರ್ಷ ನಡೀತೀನಿ ಅನ್ನೂದು ತಿಳದ್ರ ಸಾಕಾಗಿತ್ರಿ ಸರ್" ಎಂದರು. ಆ ಮಾತು ನನ್ನನ್ನು ಬಿಟ್ಟಿಲ್ಲ. ಎಂಆರ್‌ಐ ನಿಜಕ್ಕೂ ಅದನ್ನು ಹೇಳಬಲ್ಲದೇ?

ನಮ್ಮ ಭಾಷೆಯದೇ ಒಂದು ತೊಡಕು

ಅದಕ್ಕೆ ಮೊದಲು ನಮ್ಮ ಸಮಿತಿಯ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅಡುಗೆಯವರು ನಮ್ಮಲ್ಲಿಗೆ ಬಂದದ್ದು ಅದೇ ಮೊದಲಲ್ಲ. ಎಂಟು ತಿಂಗಳ ಹಿಂದೆ "ಸೊಂಟ ನೋವು" ಎಂದು ಅರ್ಜಿ ಕೊಟ್ಟಿದ್ದರು. ಕನ್ನಡದಲ್ಲಿ ಸೊಂಟ ಎಂದರೆ ಬೆನ್ನಿನ ಕೆಳಭಾಗವೂ ಹೌದು, ತೊಡೆ ಸೇರುವ ಕೀಲಿನ ಭಾಗವೂ ಹೌದು. ಇವರು ಇಲ್ಲಿನ ಕ್ಲಿನಿಕ್ಕಿಗೆ ಹೋಗಿ ತೆಲುಗಿನಲ್ಲಿ "ನಡುಮು ನೊಪ್ಪಿ" ಎಂದಿದ್ದಾರೆ. ಅದು ಬೆನ್ನು ನೋವಿನ ಮಾತು. ಬೆನ್ನಿನ ಎಕ್ಸ್‌ರೇ ಆಯಿತು, ಬೆಲ್ಟ್ ಬಂತು, ಮಾತ್ರೆ ಬಂತು. ಬಿಲ್ಲು ನೋಡಿ ನಾವು ಹಣ ಕೊಟ್ಟೆವು. ನೋವು ಎಲ್ಲಿ ಎಂದು ಕೈಯಿಟ್ಟು ತೋರಿಸಿ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಎಂಟು ತಿಂಗಳು ಹೋಯಿತು.

ಸೊಂಟದ ಕೀಲಿನ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ತೊಡೆಸಂದಿನಲ್ಲಿ, ತೊಡೆಯ ಮುಂಭಾಗದಲ್ಲಿ. ಎಷ್ಟೋ ಸಲ ಮೊಣಕಾಲಿನಲ್ಲಿ ಮಾತ್ರ ಕಾಣಿಸಿಕೊಳ್ಳುವುದೂ ಉಂಟು. ಕುಳಿತು ಕಾಲಿಗೆ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು, ಕಾಲುಗುರು ಕತ್ತರಿಸಲು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಲು ಕಷ್ಟವಾಗುತ್ತಿದ್ದರೆ ಕೀಲಿನ ಕಡೆಗೇ ಅನುಮಾನ ಹೋಗಬೇಕು. ವೈದ್ಯರು ಮಲಗಿಸಿ, ಮೊಣಕಾಲು ಮಡಿಸಿ, ಕಾಲನ್ನು ಒಳಕ್ಕೆ ತಿರುಗಿಸಿ ನೋಡುತ್ತಾರೆ. ಕೀಲು ಕೆಟ್ಟಿದ್ದರೆ ಮೊದಲು ಕಡಿಮೆಯಾಗುವುದು ಆ ತಿರುವು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸವೆಯುವುದು ಯಾವುದು?

ತೊಡೆಮೂಳೆಯ ತಲೆ ಒಂದು ಚೆಂಡಿನಂತೆ, ಅದು ಕೂರುವ ಜಾಗ ಒಂದು ಬಟ್ಟಲಿನಂತೆ. ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ, ಅಂದರೆ ಕಾರ್ಟಿಲೇಜಿನ ಹೊದಿಕೆ ಇರುತ್ತದೆ. ದಪ್ಪ ಕೆಲವೇ ಮಿಲಿಮೀಟರು. ನಾವು ಒಂಟಿಕಾಲಿನ ಮೇಲೆ ನಿಂತಾಗ ಆ ಕೀಲಿನ ಮೇಲೆ ಬೀಳುವ ಭಾರ ದೇಹದ ತೂಕದ ಎರಡೂವರೆ, ಮೂರು ಪಟ್ಟು. ಪ್ರತಿ ಹೆಜ್ಜೆಯಲ್ಲೂ ಈ ತೆಳು ಹೊದಿಕೆ ಅದನ್ನು ಹೊರಬೇಕು.

ಅದರ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಕೊಲ್ಲಾಜೆನ್ ಎಂಬ ನಾರಿನ ಬಲೆ, ಅದರೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಪ್ರೋಟಿಯೋಗ್ಲೈಕಾನ್ ಎಂಬ ವಸ್ತು. ಹಾಳಾಗುವಾಗ ಮೊದಲು ಈ ಪ್ರೋಟಿಯೋಗ್ಲೈಕಾನ್ ಕರಗುತ್ತದೆ, ಬಲೆ ಸಡಿಲವಾಗುತ್ತದೆ. ದಪ್ಪ ಕಡಿಮೆಯಾಗುವುದು ಆಮೇಲೆ. ಮೃದ್ವಸ್ಥಿಯಲ್ಲಿ ನರಗಳಿಲ್ಲ, ಆದ್ದರಿಂದ ಸವೆಯುವುದು ನಮಗೆ ತಿಳಿಯುವುದಿಲ್ಲ. ರಕ್ತನಾಳಗಳಿಲ್ಲ, ಆದ್ದರಿಂದ ಒಮ್ಮೆ ಹೋದದ್ದು ಮತ್ತೆ ಬೆಳೆಯುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಜಮಾ ಮಾಡಲಾಗದ ಖಾತೆ, ಖರ್ಚು ಮಾತ್ರ ಬೀಳುತ್ತದೆ.

ಎಕ್ಸ್‌ರೇ ತೋರಿಸುವುದೇನು, ಎಂಆರ್‌ಐ ತೋರಿಸುವುದೇನು?

ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ. ಕಾಣುವುದು ಎರಡು ಮೂಳೆಗಳ ನಡುವಿನ ಖಾಲಿ ಸಂದು. ಆ ಸಂದು ಕಿರಿದಾದರೆ ನಡುವಿನ ಹೊದಿಕೆ ಸವೆದಿದೆ ಎಂದು ವೈದ್ಯರು ಊಹಿಸುತ್ತಾರೆ. ಆರೋಗ್ಯವಂತರಲ್ಲಿ ಅದು ಸುಮಾರು 4 ಮಿಲಿಮೀಟರು. 2 ಮಿಲಿಮೀಟರಿಗಿಂತ ಕಡಿಮೆಯಾದರೆ ಸವೆತ ಸ್ಪಷ್ಟ. ಎಕ್ಸ್‌ರೇ ನೋಡಿ ಸವೆತಕ್ಕೆ ದರ್ಜೆ ಕೊಡುವ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಪದ್ಧತಿ 1957ರದು, ಇಂದಿಗೂ ಬಳಕೆಯಲ್ಲಿದೆ. ಎಕ್ಸ್‌ರೇಯ ಮಿತಿ ಏನೆಂದರೆ ಸಂದು ಕಿರಿದಾಗುವ ಹೊತ್ತಿಗೆ ನಷ್ಟ ಆಗಿಹೋಗಿರುತ್ತದೆ.

ಎಂಆರ್‌ಐ ಮೃದ್ವಸ್ಥಿಯನ್ನೇ ತೋರಿಸುತ್ತದೆ. ಅದರ ದಪ್ಪ, ಒಟ್ಟು ಗಾತ್ರ ಅಳೆಯಬಹುದು. ಇದಲ್ಲದೆ ವಿಶೇಷ ವಿಧಾನಗಳಿವೆ. ಟಿ2 ಮ್ಯಾಪಿಂಗ್ ಎಂಬುದು ನೀರು ಮತ್ತು ನಾರಿನ ಬಲೆಯ ಸ್ಥಿತಿಯನ್ನು ಅಂದಾಜು ಮಾಡುತ್ತದೆ. ಟಿ1 ರೋ ಎಂಬುದು ಪ್ರೋಟಿಯೋಗ್ಲೈಕಾನ್ ಕಡೆಗೆ ಹೆಚ್ಚು ಗಮನ ಕೊಡುತ್ತದೆ. ಡಿಜೆಮ್ರಿಕ್ ಎಂಬ ವಿಧಾನದಲ್ಲಿ ಗ್ಯಾಡೋಲಿನಿಯಂ ಇರುವ ಔಷಧವನ್ನು ರಕ್ತಕ್ಕೆ ಚುಚ್ಚಿ, ಸ್ವಲ್ಪ ಹೊತ್ತು ಕಾದು ಚಿತ್ರ ತೆಗೆಯುತ್ತಾರೆ. ಮೃದ್ವಸ್ಥಿ ಚೆನ್ನಾಗಿದ್ದರೆ ಅದು ಔಷಧವನ್ನು ಹೊರಗೇ ತಳ್ಳುತ್ತದೆ, ಪ್ರೋಟಿಯೋಗ್ಲೈಕಾನ್ ಕಳೆದುಕೊಂಡ ಕಡೆ ಒಳಗೆ ಬಿಟ್ಟುಕೊಳ್ಳುತ್ತದೆ. ಅಂದರೆ ದಪ್ಪ ಕಡಿಮೆಯಾಗುವ ಮೊದಲೇ ಗುಣ ಕೆಟ್ಟಿರುವುದು ತಿಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಈ ಚುಚ್ಚುಮದ್ದಿಗೆ ಮೊದಲು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಭವಿಷ್ಯ ಹೇಳುವ ಲೆಕ್ಕ

ಹಾಗಾದರೆ ಈ ಅಳತೆಗಳಿಂದ ಮುಂದೆ ಯಾರ ಕೀಲು ಬೇಗ ಹಾಳಾಗುತ್ತದೆ ಎಂದು ಹೇಳಬಹುದೇ? ಸಂಶೋಧಕರು ಇದರ ಹಿಂದೆ ಬಿದ್ದಿದ್ದಾರೆ. ಮೊಣಕಾಲಿನ ವಿಷಯದಲ್ಲಿ ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದು 4,796 ಜನರನ್ನು ವರ್ಷವರ್ಷ ಎಂಆರ್‌ಐ ಮಾಡಿ ಹಿಂಬಾಲಿಸಿತು. ಸೊಂಟದ ಕೀಲು ಅಷ್ಟು ಸುಲಭದ್ದಲ್ಲ. ಅದು ದೇಹದ ಒಳಗೆ ಆಳದಲ್ಲಿದೆ. ಹೊದಿಕೆ ತೆಳು, ಜೊತೆಗೆ ಚೆಂಡಿನ ಮೇಲೆ ಬಾಗಿಕೊಂಡಿದೆ. ಚೆಂಡಿನ ಹೊದಿಕೆ ಮತ್ತು ಬಟ್ಟಲಿನ ಹೊದಿಕೆ ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಇದೆಲ್ಲಿ ಮುಗಿಯಿತು, ಅದೆಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದೇ ಕಷ್ಟ.

ಲೆಕ್ಕ ಹಾಕಿ ನೋಡಿ. ಸವೆತ ಇರುವವರಲ್ಲೂ ಸಂದು ಕಿರಿದಾಗುವುದು ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು. ಸಾಮಾನ್ಯ ಎಂಆರ್‌ಐ ಚಿತ್ರದ ಒಂದೊಂದು ಚುಕ್ಕೆಯೇ ಸುಮಾರು ಅರ್ಧ ಮಿಲಿಮೀಟರು. ಅಳೆಯಬೇಕಾದ ಬದಲಾವಣೆಗಿಂತ ಅಳತೆಗೋಲಿನ ಗೆರೆಯೇ ದಪ್ಪ. ನೂರಾರು ಜನರ ಸರಾಸರಿ ತೆಗೆದರೆ ಈ ಏರುಪೇರು ಸರಿಹೋಗಿ ಸತ್ಯ ಕಾಣುತ್ತದೆ. ಒಬ್ಬರಿಗೆ ಈ ವರ್ಷ ಒಂದು, ಮುಂದಿನ ವರ್ಷ ಒಂದು ಎಂಆರ್‌ಐ ಮಾಡಿಸಿ "ಇಷ್ಟು ಸವೆದಿದೆ, ಇನ್ನಿಷ್ಟು ವರ್ಷ" ಎನ್ನಲಾಗದು.

ಬ್ಯಾಂಕಿನವರಿಗೆ ಇದು ಹೊಸದಲ್ಲ. ನೂರು ಸಾಲಗಳಲ್ಲಿ ಎಷ್ಟು ವಸೂಲಾಗದೆ ಉಳಿಯಬಹುದು ಎಂದು ಹೆಚ್ಚುಕಡಿಮೆ ಸರಿಯಾಗಿ ಹೇಳುತ್ತಿದ್ದೆವು. ಮುಂದೆ ಕುಳಿತ ಈ ಒಬ್ಬ ಮನುಷ್ಯ ಕಟ್ಟುತ್ತಾನೋ ಇಲ್ಲವೋ ಎಂಬುದನ್ನು ಹೇಳಲು ಯಾವ ಕೋಷ್ಟಕವೂ ಸಾಲುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಎಂಆರ್‌ಐ ವರದಿಯಲ್ಲಿ ಬರುವುದೆಲ್ಲ ರೋಗವಲ್ಲ. ಬಟ್ಟಲಿನ ಅಂಚಿನಲ್ಲಿ ಲೇಬ್ರಂ ಎಂಬ ಸುತ್ತುಪಟ್ಟಿ ಇದೆ. ಅದರಲ್ಲಿ ಸಣ್ಣ ಹರಿತ ನೋವೇ ಇಲ್ಲದ ಎಷ್ಟೋ ಜನರಲ್ಲೂ ಕಾಣುತ್ತದೆ. ವರದಿ ಓದಿ ಹೆದರಿ ನಮ್ಮ ಬಳಿ ಓಡಿಬಂದವರಿದ್ದಾರೆ.

ಹಾಗೆಂದು ಮುನ್ಸೂಚನೆಯೇ ಸಿಗುವುದಿಲ್ಲ ಎಂದಲ್ಲ. ನೆದರ್‌ಲೆಂಡ್ಸ್‌ನಲ್ಲಿ 45ರಿಂದ 65 ವರ್ಷದ, ಸೊಂಟ ಅಥವಾ ಮೊಣಕಾಲು ನೋವು ಶುರುವಾದ 1,002 ಜನರನ್ನು ವರ್ಷಗಟ್ಟಲೆ ಗಮನಿಸಿದರು. ತೊಡೆಮೂಳೆಯ ತಲೆ ಉರುಟಾಗಿರದೆ ಒಂದು ಕಡೆ ಬಹಳ ಉಬ್ಬಿದ್ದು, ಜೊತೆಗೆ ಕಾಲು ಒಳಕ್ಕೆ 20 ಡಿಗ್ರಿಗಿಂತ ಹೆಚ್ಚು ತಿರುಗದ ಕೀಲುಗಳಲ್ಲಿ ಸುಮಾರು ಅರ್ಧದಷ್ಟು ಐದು ವರ್ಷದೊಳಗೆ ಕೊನೆಯ ಹಂತದ ಸವೆತಕ್ಕೆ ಬಂದವು. ಗಮನಿಸಿ, ಉಬ್ಬು ಕಂಡದ್ದು ಸಾಮಾನ್ಯ ಎಕ್ಸ್‌ರೇಯಲ್ಲಿ, ತಿರುವು ಅಳೆದದ್ದು ಕೈಯಿಂದ.

ಎಂಆರ್‌ಐ ಅಳತೆಗೆ ನಿಜವಾದ ಬೆಲೆ ಬರುವುದು ಅದರ ಮೇಲೆ ಒಂದು ತೀರ್ಮಾನ ನಿಂತಿರುವಾಗ. ಹುಟ್ಟಿನಿಂದಲೇ ಬಟ್ಟಲು ಆಳವಿಲ್ಲದ ಯುವಜನರಿಗೆ ಬಟ್ಟಲನ್ನು ಕತ್ತರಿಸಿ ತಿರುಗಿಸಿ ಕೂರಿಸುವ ಶಸ್ತ್ರಚಿಕಿತ್ಸೆ ಇದೆ. ಮೃದ್ವಸ್ಥಿ ಮೊದಲೇ ಕೆಟ್ಟಿದ್ದರೆ ಅದು ಫಲಿಸುವುದಿಲ್ಲ. 2006ರಲ್ಲಿ ಬಾಸ್ಟನ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲಿನ ಡಿಜೆಮ್ರಿಕ್ ಅಳತೆ ಯಾರಿಗೆ ಅದು ಬೇಗ ವಿಫಲವಾಗುತ್ತದೆ ಎಂಬುದನ್ನು ಚೆನ್ನಾಗಿ ಸೂಚಿಸಿತು. ಇಲ್ಲಿ ಅಳತೆಯಿಂದ ದಾರಿ ಬದಲಾಗುತ್ತದೆ.

ನಮ್ಮ ಅಡುಗೆಯವರ ವಿಷಯವೂ ಹಾಗೆಯೇ. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನಲ್ಲೇ ಸೊಂಟದ ಕೀಲು ಕೆಡುವುದಕ್ಕೆ ಒಂದು ಮುಖ್ಯ ಕಾರಣ ಬರಿಯ ಸವೆತವಲ್ಲ. ತೊಡೆಮೂಳೆಯ ತಲೆಗೆ ರಕ್ತ ನಿಂತು ಮೂಳೆ ಸಾಯುವುದು, ಅವಾಸ್ಕ್ಯುಲರ್ ನೆಕ್ರೋಸಿಸ್. ಹೆಚ್ಚು ಸ್ಟೀರಾಯ್ಡ್, ಮದ್ಯ, ಪೆಟ್ಟು ಇದಕ್ಕೆ ಕಾರಣವಾಗಬಹುದು, ಕಾರಣ ಸಿಗದಿರುವುದೂ ಉಂಟು. ಆರಂಭದಲ್ಲಿ ಎಕ್ಸ್‌ರೇಗೆ ಕಾಣುವುದಿಲ್ಲ, ಎಂಆರ್‌ಐಗೆ ಕಾಣುತ್ತದೆ. ಅವರಲ್ಲಿ ಸಿಕ್ಕಿದ್ದು ಅದೇ. ಮೂಳೆಯ ತಲೆ ಇನ್ನೂ ಕುಸಿದಿರಲಿಲ್ಲ, ಮೃದ್ವಸ್ಥಿ ಚೆನ್ನಾಗಿತ್ತು. ಮೂಳೆಯೊಳಗೆ ರಂಧ್ರ ಕೊರೆದು ಒತ್ತಡ ಇಳಿಸುವ ಸಣ್ಣ ಶಸ್ತ್ರಚಿಕಿತ್ಸೆ ಆಯಿತು. ಕೀಲು ಉಳಿದೇ ಉಳಿಯುತ್ತದೆ ಎಂಬ ಖಾತರಿ ಯಾರೂ ಕೊಟ್ಟಿಲ್ಲ. ಆದರೆ ಒಂದು ಅವಕಾಶ ಸಿಕ್ಕಿತು. ನಾವು ಎಂಟು ತಿಂಗಳು ಕಳೆಯದೆ ಇದ್ದಿದ್ದರೆ ಅವಕಾಶ ಇನ್ನೂ ದೊಡ್ಡದಿರುತ್ತಿತ್ತೇನೋ.

ಹಂದಿಗೋಡಿನಿಂದ ತಾರ್ನಾಕಾವರೆಗೆ

ಸೊಂಟದ ಕೀಲಿನ ಸವೆತದ ಕಥೆಯಲ್ಲಿ ನಮ್ಮ ಊರಿಗೂ ಈ ನಗರಕ್ಕೂ ಒಂದು ನಂಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವೆ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಗದ್ದೆಯಲ್ಲಿ ದುಡಿಯುವ ಬಡ ಚನ್ನಂಗಿ ಮತ್ತು ಚಲವಾದಿ ಕುಟುಂಬಗಳಲ್ಲಿ ಹರೆಯದವರಿಗೂ ಸೊಂಟ, ಮೊಣಕಾಲು ಹಿಡಿದು ನಡೆಯುವುದೇ ಕಷ್ಟವಾಗುತ್ತಿತ್ತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ, ಮೀನು ತಿಂದದ್ದು ಕಾರಣವೇನೋ ಎಂಬ ಅನುಮಾನವೂ ಎದ್ದಿತ್ತು.

ಅದನ್ನು ಮೊದಲು ಶಾಸ್ತ್ರೀಯವಾಗಿ ಪರಿಶೀಲಿಸಿದ್ದು ನಮ್ಮ ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್. ಅಲ್ಲಿನ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ರಮೇಶ್ ವಿ. ಭಟ್ ಅವರು ಮಲೆನಾಡಿಗೆ ಹೋಗಿ ಅಧ್ಯಯನ ಮಾಡಿ ಇದಕ್ಕೆ ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬ ಅರ್ಥದ ಹೆಸರು ಕೊಟ್ಟರು. ಮುಂದೆ 1990ರ ದಶಕದಲ್ಲಿ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್.ಎಸ್. ಅಗರ್ವಾಲ್ ಮತ್ತು ಸಂಗಡಿಗರು ಎಕ್ಸ್‌ರೇಗಳನ್ನೂ ವಂಶವೃಕ್ಷಗಳನ್ನೂ ಜೋಡಿಸಿ ನೋಡಿ, ಇದು ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದಾದ ಆನುವಂಶಿಕ ಕಾಯಿಲೆ ಎಂದು ತೋರಿಸಿದರು. ಅದರಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಎತ್ತರ ಸಾಮಾನ್ಯವಾಗಿದ್ದು ಮುಖ್ಯವಾಗಿ ಸೊಂಟದ ಕೀಲು ಹಾಳಾಗುತ್ತದೆ. ಎರಡನೆಯದರಲ್ಲಿ ಬೆನ್ನೆಲುಬಿನ ಮೂಳೆಗಳೂ ಚಪ್ಪಟೆಯಾಗಿ ಎತ್ತರ ಕುಗ್ಗುತ್ತದೆ. ಮೂರನೆಯದರಲ್ಲಿ ಕುಬ್ಜತೆ ತೀವ್ರ.

ಆ ಮನೆಗಳಲ್ಲಿ ಭವಿಷ್ಯ ಹೇಳಲು ಎಂಆರ್‌ಐ ಬೇಕಿರಲಿಲ್ಲ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂಬುದು ವಂಶವೃಕ್ಷದಿಂದಲೇ ತಿಳಿಯಿತು. ತಿಳಿದು ಅವರಿಗೆ ಆದದ್ದೇನು? ಸವೆತ ನಿಲ್ಲಿಸುವ ಮದ್ದಿಲ್ಲ. ಬೇಕಿದ್ದದ್ದು ನೋವಿಗೆ ಆರೈಕೆ, ಊರುಗೋಲು, ಕೆಲವರಿಗೆ ಶಸ್ತ್ರಚಿಕಿತ್ಸೆ, ದುಡಿಯಲಾಗದ ಮನೆಗೆ ಆಸರೆ. ಭವಿಷ್ಯ ಹೇಳುವುದು ಒಂದು ಕೆಲಸ, ಆ ಭವಿಷ್ಯಕ್ಕೆ ಹಣ ಹೊಂದಿಸುವುದು ಇನ್ನೊಂದು. ನಮ್ಮಂಥ ಸಂಘಗಳ ಕೆಲಸ ಎರಡನೆಯದು.

ಸಮಿತಿ ಈಗ ಪಾಲಿಸುವ ನಿಯಮ

ಮಹಾಸಭೆಯ ಪ್ರಶ್ನೆಯ ನಂತರ ಸಮಿತಿ ಕೂತು ಬರೆದುಕೊಂಡದ್ದು ಇದು.

1. ಸೊಂಟ ನೋವಿನ ಅರ್ಜಿ ಬಂದರೆ ನೋವಿನ ಜಾಗವನ್ನು ಕೈಯಿಟ್ಟು ತೋರಿಸಲು ಹೇಳುವುದು. ಆಸ್ಪತ್ರೆಗೆ ತೆಲುಗು ಚೆನ್ನಾಗಿ ಬಲ್ಲ ಸದಸ್ಯರೊಬ್ಬರನ್ನು ಜೊತೆಗೆ ಕಳಿಸುವುದು.

2. ಮೊದಲು ವೈದ್ಯರ ಪರೀಕ್ಷೆ ಮತ್ತು ಎಕ್ಸ್‌ರೇ. ಇದಕ್ಕೆ ತಡಮಾಡದೆ ಹಣ.

3. ಎಂಆರ್‌ಐಗೆ ಹಣ ಕೊಡುವ ಮೊದಲು ಬರೆದುಕೊಟ್ಟ ವೈದ್ಯರಿಗೆ ಒಂದೇ ಪ್ರಶ್ನೆ: ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಹೌದಾದರೆ ಅದೇ ವಾರ ಮಂಜೂರು. ಚಿಕ್ಕ ವಯಸ್ಸು, ತೀವ್ರ ನೋವು, ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದಿದ್ದರೆ ಹೆಚ್ಚಾಗಿ ಉತ್ತರ ಹೌದೇ.

4. ಎಕ್ಸ್‌ರೇಯಲ್ಲೇ ಸಂದು ಮುಚ್ಚಿದ್ದರೆ, ಬರಿಯ ಅಂದಾಜಿಗಾಗಿ ಮತ್ತೆ ಮತ್ತೆ ಎಂಆರ್‌ಐಗೆ ಹಣವಿಲ್ಲ. ಆ ಹಣ ಚಿಕಿತ್ಸೆಗೆ.

5. ಸರ್ಕಾರಿ ಯೋಜನೆಯನ್ನು ಮೊದಲು ವಿಚಾರಿಸುವುದು. ತೆಲಂಗಾಣದ ಆರೋಗ್ಯಶ್ರೀ ಮಿತಿಯನ್ನು 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿಸಿದ್ದಾರೆ. ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನೇ ಕೇಳಬೇಕು. ನಮ್ಮವರಲ್ಲಿ ಎಷ್ಟೋ ಕುಟುಂಬಗಳ ರೇಷನ್ ಕಾರ್ಡ್ ಇನ್ನೂ ಊರಿನಲ್ಲೇ ಇದೆ, ಆಗ ತೊಡಕಾಗುತ್ತದೆ. 70 ದಾಟಿದವರಿಗೆ 2024ರ ಅಕ್ಟೋಬರಿನಿಂದ ಆದಾಯ ನೋಡದೆ ಆಯುಷ್ಮಾನ್ ಕಾರ್ಡ್ ಸಿಗುತ್ತದೆ. ಮನೆಯ ಹಿರಿಯರಿಗೆ ಇನ್ನೂ ಮಾಡಿಸಿರದಿದ್ದರೆ ದಯವಿಟ್ಟು ಮಾಡಿಸಿ.

ಖರ್ಚಿಲ್ಲದ ಒಂದು ಮಾತನ್ನೂ ಸೇರಿಸುತ್ತೇನೆ. ಕೋಲು ಹಿಡಿಯುವವರು ನೋವಿರುವ ಕಾಲಿನ ಕಡೆಯಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಕೀಲಿನ ಮೇಲಿನ ಭಾರ ಗಣನೀಯವಾಗಿ ಇಳಿಯುತ್ತದೆ. ತೂಕ ಇಳಿಸುವುದು, ಸೊಂಟದ ಸುತ್ತಿನ ಸ್ನಾಯುಗಳಿಗೆ ಫಿಸಿಯೋಥೆರಪಿ, ಕೆಳಗೆ ಕೂರುವುದರ ಬದಲು ಕುರ್ಚಿ ಮತ್ತು ಕಮೋಡ್ ಇವೂ ಸಹಾಯಕ.

ಈ ಸಂಚಿಕೆಯ ಮನವಿ

ಈಗ ಆ ತಾಯಿಯ ವಿಷಯ. ಅವರಿಗೆ ಬೇಕಿರುವುದು ಇನ್ನೊಂದು ಅಳತೆಯಲ್ಲ, ಹೊಸ ಕೀಲು. ಇಂಗ್ಲೆಂಡಿನಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಆಧುನಿಕ ಸೊಂಟದ ಕೀಲಿನ ಬದಲಿ ಶಸ್ತ್ರಚಿಕಿತ್ಸೆಗೆ ನಾಂದಿ ಹಾಡಿದ ಮೇಲೆ ಅದು ಅತ್ಯಂತ ಸಫಲ ಶಸ್ತ್ರಚಿಕಿತ್ಸೆಗಳಲ್ಲಿ ಒಂದಾಗಿ ಬೆಳೆದಿದೆ. ಅವರ ಕಾರ್ಡ್ ಬೀದರಿನ ಹಳ್ಳಿಯದು, ಇಲ್ಲಿ ಸೌಲಭ್ಯ ಸಿಗಲಿಲ್ಲ. ಊರಿಗೆ ಹೋಗಿ ಮಾಡಿಸಿಕೊಂಡರೆ ನೋಡಿಕೊಳ್ಳುವವರಿಲ್ಲ. ಮಗ ತನ್ನಿಂದಾದಷ್ಟು ಕೂಡಿಸಿದ್ದಾನೆ. ನಮ್ಮ ನಿಧಿಯಿಂದ ಒಂದು ಪಾಲು ತೆಗೆದಿಟ್ಟಿದ್ದೇವೆ. ಉಳಿದದ್ದು ನಿಮ್ಮಿಂದ ಆಗಬೇಕು. ಆಸ್ಪತ್ರೆಯ ಅಂದಾಜು ಪಟ್ಟಿ ಸಂಘದ ಕಚೇರಿಯಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು. ಹಣ ನೇರವಾಗಿ ಆಸ್ಪತ್ರೆಗೆ ಸಂದಾಯವಾಗುತ್ತದೆ, ರಸೀದಿಯ ಪ್ರತಿ ಮುಂದಿನ ಸಂಚಿಕೆಯ ಲೆಕ್ಕದಲ್ಲಿ ಬರುತ್ತದೆ.

ದೇಣಿಗೆಯನ್ನು ಚೆಕ್ ಮೂಲಕ ಅಥವಾ ಸಂಘದ ಖಾತೆಗೆ ವರ್ಗಾವಣೆಯಾಗಿ ಕೊಡಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 80ಜಿ ರಿಯಾಯಿತಿ ಸಿಗುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ರಸೀದಿ ಕೇಳಿ ಪಡೆಯಿರಿ. ಹಣ ಕೊಡಲಾಗದವರು ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಸರದಿಯಂತೆ ಅವರ ಮನೆಗೆ ಹೋಗಿ ಒಂದು ಗಂಟೆ ನಡೆಸಿಕೊಂಡು ಬರಬಹುದು. ಬಳಕೆಯಲ್ಲಿಲ್ಲದ ವಾಕರ್, ಎತ್ತರದ ಕಮೋಡ್ ಕುರ್ಚಿ ಮನೆಯಲ್ಲಿದ್ದರೆ ಅದೂ ದೇಣಿಗೆಯೇ.

ಮೊನ್ನೆ ಮತ್ತೆ ಅವರ ಮನೆಗೆ ಹೋಗಿದ್ದೆ. ಎಷ್ಟು ವರ್ಷ ನಡೆಯುತ್ತೀರಿ ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ, ಆದರೆ ನಡೆಸಲು ನಾವು ಪ್ರಯತ್ನ ಮಾಡುತ್ತಿದ್ದೇವೆ ಎಂದೆ. "ಹಂಗಾದ್ರ ಹಪ್ಪಳದ ಆರ್ಡರ್ ಬಿಡಂಗಿಲ್ರಿ" ಎಂದು ನಕ್ಕರು. ಆ ಆರ್ಡರು ತಪ್ಪದಂತೆ ನೋಡಿಕೊಳ್ಳುವುದು ಈಗ ನಮ್ಮೆಲ್ಲರ ಪಾಲಿಗೆ ಬಂದಿದೆ.

ವಿಶ್ವಾಸಪೂರ್ವಕ,
ಖಜಾಂಚಿ, ವೈದ್ಯಕೀಯ ನೆರವು ಸಮಿತಿಯ ಪರವಾಗಿ
ಹೈದರಾಬಾದ್